ಹಳೇ ಕೋಡ್: ತಿದ್ದೋದಾ, ಹೊಸದಾಗಿ ಬರೆಯೋದಾ?

ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟ ಹುಬ್ಬಳ್ಳಿಯ ಗೆಳೆಯರೊಬ್ಬರ ಪ್ರಶ್ನೆ ಇದು. ಕೋಡ್ ವಿಪರೀತ ಬೆಳೆದಿದೆ, ಏನು ಮಾಡೋದು?

ಸುಮ್ನೆ ಸಾಲು ಎಣಿಸಿ ಗಾಬರಿ ಬೀಳಬೇಡಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ 1991ರಲ್ಲಿ ಸುಮಾರು 10 ಸಾವಿರ ಸಾಲಿತ್ತು, 2020ರ ಹೊತ್ತಿಗೆ ಎರಡೂವರೆ ಕೋಟಿ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಡ್ರೈವರ್‌ಗಳದು, ಅಂದರೆ ಪ್ರಿಂಟರ್‌ನಂಥ ಒಂದೊಂದು ಸಾಧನವನ್ನು ನಡೆಸುವ ಬಿಡಿ ಬಿಡಿ ಭಾಗಗಳದು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡೋದು ಕಡಿಮೆ. ನಿಮ್ಮಲ್ಲಿ ಹಾಗಿದೆಯಾ?

ಖರ್ಚು ನೋಡಿದರೆ ತಿದ್ದೋದೇ ಅಗ್ಗ. ಹೊಸದು ಬರೆಯುವಾಗ ಹಳೆಯದನ್ನೂ ಸಾಕಬೇಕಲ್ವಾ? ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ತನ್ನ ವೆಬ್ ಬ್ರೌಸರನ್ನು ಹೊಸದಾಗಿ ಬರೆಯಲು ಹೊರಟಿತು. ಮುಂದಿನ ದೊಡ್ಡ ಆವೃತ್ತಿ ಬಂದದ್ದು 2000ದ ಕೊನೆಗೆ.

ನಂಬಿಕೆಯ ವಿಷಯದಲ್ಲೂ ಹಳೆಯದಕ್ಕೇ ತೂಕ ಜಾಸ್ತಿ. ಚೀಲದ ತೂಕ ಕಳೆಯುವ ಕಡೆ ಒಂದು ವಿಚಿತ್ರ 'ಇಫ್' ಸಾಲು ('ಹೀಗಿದ್ದರೆ ಹೀಗೆ ಮಾಡು' ಅನ್ನೋ ಷರತ್ತು) ಇರುತ್ತದೆ. ಯಾಕೆಂದು ಬರೆದವರಿಗೂ ನೆನಪಿಲ್ಲ. ತೆಗೆದರೆ ಮಾತ್ರ ಮಾರನೇ ದಿನವೇ ಅಂಗಡಿಯಿಂದ ಫೋನ್!

ಆದರೆ ನಿರ್ವಹಣೆ ಕಷ್ಟ. ದಲಾಲಿ ಲೆಕ್ಕ ಬಿಲ್‌ನಲ್ಲಿ, ರಸೀದಿಯಲ್ಲಿ, ವರದಿಯಲ್ಲಿ ಬೇರೆ ಬೇರೆ ನಕಲಾಗಿದ್ದರೆ ದರ ಬದಲಾದಾಗ ಒಂದು ಕಡೆ ಮರೆತೇ ಮರೆಯುತ್ತೀರಿ. ಮೊದಲು ಹಳೇ ಬಿಲ್‌ಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಆಮೇಲೆ ಲೆಕ್ಕವನ್ನು ಒಂದೇ ಫಂಕ್ಷನ್‌ಗೆ, ಅಂದರೆ ಎಲ್ಲ ಕಡೆಯಿಂದ ಕರೆಯಬಹುದಾದ ಒಂದೇ ಕೋಡ್ ತುಣುಕಿಗೆ, ತನ್ನಿ. ಸಾಲೂ ಕಡಿಮೆಯಾಗುತ್ತದೆ.

ಕೋಡ್ ವಿಷುವಲ್ ಬೇಸಿಕ್ 6 ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದರೆ ಮಾತು ಬೇರೆ. ಅದರ ಡೆವಲಪರ್ ಟೂಲ್‌ಗೆ ಮೈಕ್ರೋಸಾಫ್ಟ್ ಬೆಂಬಲ 2008ರಲ್ಲೇ ನಿಂತಿದೆ. ಹೊಸದಾಗಿ ಬರೆಯಿರಿ, ಆದರೆ ಒಂದೊಂದೇ ಭಾಗ. ಇಡೀ ಪ್ರೋಗ್ರಾಂ ಒಬ್ಬರ ತಲೆಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದರೆ ಒಟ್ಟಿಗೇ ಬರೆದರೂ ನಡೆಯುತ್ತದೆ. ವರ್ಷಕ್ಕೊಮ್ಮೆಯೂ ಬದಲಾಗದ ಭಾಗವಿದ್ದರೆ ಎಷ್ಟೇ ಕೊಳಕಾಗಿರಲಿ, ಮುಟ್ಟಲು ಹೋಗಬೇಡಿ.