ಖಾನೆ ಡಬ್ಬಿ: ಗುಂಡಿ, ಬಾಬಿನ್‌ಗೆ ಸೈ, ಸೂಜಿಗೆ ಬೇಡ

ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿ, ಅದಕ್ಕೇ ಸೇರಿದ ಮುಚ್ಚಳ, ಒಳಗೆ 24 ಖಾನೆ. ಮಧ್ಯದ ತಡೆಗಳನ್ನು ಕಿತ್ತು ಬೇಕಾದ ಹಾಗೆ ಹಾಕಿಕೊಳ್ಳಬಹುದು. ಹೊಲಿಗೆಯ ಚಿಲ್ಲರೆ ಸಾಮಾನಿಗೆ ಅಂತಲೇ ಮಾರುವ ಇಂಥ ಡಬ್ಬಿಯನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಗುಂಡಿ, ಬಾಬಿನ್ (ಹೊಲಿಗೆ ಮಷಿನ್‌ನ ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ), ಪ್ರೆಸ್ ಬಟನ್ ಇಡಲು ಕಣ್ಣು ಮುಚ್ಚಿ ತಗೊಳ್ಳಿ. ಸೂಜಿ, ಗುಂಡುಪಿನ್ನು, ಹುಕ್ಕು ಇಡಲು ಬೇಡವೇ ಬೇಡ.

ಎಲ್ಲ ತಕರಾರು ಆ ತಡೆಗಳದ್ದೇ. ತಡೆಯ ಮೇಲಂಚಿಗೂ ಮುಚ್ಚಳಕ್ಕೂ ನಡುವೆ ಒಂದು ಸಣ್ಣ ಸಂದು ಉಳಿಯುತ್ತದೆ. ಡಬ್ಬಿ ಮೇಜಿನ ಮೇಲೆ ಮಲಗಿರುವಷ್ಟು ಹೊತ್ತು ಏನೂ ತೊಂದರೆ ಇಲ್ಲ. ಜಾಗ ಉಳಿಯಲಿ ಅಂತ ಶೆಲ್ಫಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿದಿರೋ, ಕಥೆ ಮುಗೀತು. ಕಪ್ಪು ಹುಕ್ಕುಗಳು ಬಿಳಿ ಹುಕ್ಕುಗಳ ಖಾನೆಗೆ ನುಸುಳಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಒಂದು ಬೇಕು ಅಂತ ಎಳೆದರೆ ಇಡೀ ಗೊಂಚಲೇ ಮೇಲೆದ್ದು ಬರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಮುಚ್ಚಳ ಹಾಕಿ, ಡಬ್ಬಿಯನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ತಡೆಯ ಮೇಲೆ ಬೆಳಕಿನ ಗೆರೆ ಕಂಡರೆ ಅಲ್ಲಿ ಪಿನ್ನು ನುಗ್ಗುತ್ತದೆ. ಮುಚ್ಚಳದ ಒಳಗೆ ತೆಳು ಫೋಮ್ ಹಾಳೆ ಅಂಟಿಸಿದರೆ ಸಂದು ಮುಚ್ಚುತ್ತದೆ ನಿಜ, ಆದರೆ ಆಮೇಲೆ ಮೇಲಿಂದ ಏನೂ ಕಾಣಲ್ಲ. ಕಾಣಲಿ ಅಂತಲೇ ಅಲ್ವಾ ಈ ಡಬ್ಬಿ ತಗೊಂಡಿದ್ದು?

ಬಾಬಿನ್ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ತಿ ಅಂಕ. ಖಾನೆ 22–23 ಮಿ.ಮೀ. ಅಗಲ ಇರುವ ಹಾಗೆ ತಡೆ ಹಾಕಿಕೊಂಡು, ಬಾಬಿನ್‌ಗಳನ್ನು ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿದರೆ ವಾಲುವುದಿಲ್ಲ, ಬಣ್ಣವೂ ಒಂದೇ ನೋಟಕ್ಕೆ ಸಿಗುತ್ತದೆ. ದಾರದ ತುದಿ ಮಾತ್ರ ಸಡಿಲವಾಗಿ ಬಿಡಬೇಡಿ, ಒಂದರದ್ದು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಎರಡು ಮಷಿನ್ ಇದ್ದವರಿಗೆ ಖಾನೆ ಬೇರೆ ಇರುವುದು ಇನ್ನೂ ಮುಖ್ಯ. ಕ್ಲಾಸ್ 15, ಎಲ್ ಅಂತ ಬಾಬಿನ್‌ನಲ್ಲಿ ಬಗೆಗಳಿವೆ, ಎರಡರ ಅಗಲವೂ ಸುಮಾರು 20 ಮಿ.ಮೀ. ಆದರೆ ಎತ್ತರ ಬೇರೆ. ಮೊದಲನೆಯದು ಸುಮಾರು 11.7 ಮಿ.ಮೀ., ಎಲ್‌ನದ್ದು 8.9. ಮಲಗಿಸಿ ಮೇಲಿಂದ ನೋಡಿದರೆ ಎರಡೂ ಒಂದೇ. ಅದಲು ಬದಲಾದರೆ ಕೆಳಗಿನ ದಾರ ಗಂಟು ಗಂಟಾಗಿ ಬರುತ್ತದೆ, ನಾವು ಸುಮ್ನೆ ಮಷಿನ್‌ಗೆ ಬೈಯುತ್ತಾ ಕೂರುತ್ತೇವೆ.

ಪ್ರೆಸ್ ಬಟನ್‌ಗಳನ್ನು ಜೋಡಿ ಒತ್ತಿಯೇ ಒಳಗೆ ಹಾಕಿ. ಬಿಡಿಯಾಗಿ ಹಾಕಿದರೆ ಕೊನೆಗೆ ಗಂಡು ಭಾಗಗಳಷ್ಟೇ ಉಳಿದು ಹೆಣ್ಣು ಭಾಗ ಹುಡುಕುವ ಕೆಲಸ.

ಮಷಿನ್ ಸೂಜಿಗೆ ಅದು ಬಂದ ಪುಟ್ಟ ಪೆಟ್ಟಿಗೆಯೇ ಸಾಕು. ಖಾನೆಯಲ್ಲಿ ಸುರಿದರೆ 80/12 ಯಾವುದು, 90/14 ಯಾವುದು ಅಂತ ಹೇಳುವುದು ಕಷ್ಟ. 80 ಅಂದರೆ ಸೂಜಿಯ ದಪ್ಪ 0.8 ಮಿ.ಮೀ., 90 ಅಂದರೆ 0.9; 12, 14 ಅದೇ ಅಳತೆಗೆ ಇನ್ನೊಂದು ಲೆಕ್ಕದ ಸಂಖ್ಯೆ. ಈ ವ್ಯತ್ಯಾಸ ಬೆರಳಿಗೆ ತಿಳಿಯುತ್ತಾ? ಮೇಲಿನ ದಪ್ಪ ಭಾಗದಲ್ಲಿ ಸಂಖ್ಯೆ ಒತ್ತಿರುತ್ತಾರೆ, ಅದನ್ನು ಓದಲು ಭೂತಗನ್ನಡಿ ಬೇಕು. ಶ್ಮೆಟ್ಜ್ ಕಂಪನಿಯ ಸೂಜಿಗಳಲ್ಲಿ ಬಣ್ಣದ ಗೆರೆ ಇದೆ, 80ಕ್ಕೆ ಕಿತ್ತಳೆ, 90ಕ್ಕೆ ನೀಲಿ. ಇಷ್ಟೆಲ್ಲ ಇದ್ದರೂ ಸ್ವಲ್ಪ ಬಳಸಿ ತೆಗೆದ ಸೂಜಿಯನ್ನು ಹೊಸದರ ಜೊತೆ ಹಾಕಬೇಡಿ. ದಪ್ಪ ಬಟ್ಟೆಯ ತುಂಡಿನ ಮೇಲೆ ಪೆನ್ನಿನಲ್ಲಿ ಸಂಖ್ಯೆ ಬರೆದು ಅಲ್ಲಿ ಚುಚ್ಚಿಡಿ, ಅದಕ್ಕಿಂತ ಒಳ್ಳೆ ಉಪಾಯ ಯಾವ ಡಬ್ಬಿಯಲ್ಲೂ ಇಲ್ಲ.

ಇನ್ನು ಪ್ಲಾಸ್ಟಿಕ್. ಡಬ್ಬಿಯ ತಳ ತಿರುಗಿಸಿದರೆ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ಸ್ವಲ್ಪ ಮಬ್ಬು, ಆದರೆ ಮುಚ್ಚಳದ ಮಡಿಕೆ ಎಷ್ಟು ಸಲ ತೆರೆದು ಮುಚ್ಚಿದರೂ ಬೇಗ ಮುರಿಯಲ್ಲ. 6 ಇದ್ದರೆ ಪಾಲಿಸ್ಟೈರೀನ್. ಗಾಜಿನ ಹಾಗೆ ಹೊಳೆಯುತ್ತದೆ, ಕೈ ಜಾರಿ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ. ನನ್ನ ಓಟು 5ಕ್ಕೆ, ಹೊಳಪು ಕಟ್ಟಿಕೊಂಡು ಏನಾಗಬೇಕು.

ದಾರದ ರೀಲು, ಎಲಾಸ್ಟಿಕ್ ಎರಡನ್ನೂ ಇದರಲ್ಲಿ ಇಟ್ಟು ಕಿಟಕಿ ಪಕ್ಕ ಇಡಬೇಡಿ. ಬಿಸಿಲಿಗೆ ದಾರದ ಬಣ್ಣ ಮಾಸುತ್ತದೆ, ಎಲಾಸ್ಟಿಕ್‌ನ ರಬ್ಬರ್ ಸತ್ವ ಕಳೆದುಕೊಂಡು ಎಳೆದರೆ ವಾಪಸ್ ಬರುವುದಿಲ್ಲ. ಅವಕ್ಕೆ ಡ್ರಾಯರ್ರೇ ಸರಿ.

ಕೊನೆಯದಾಗಿ ಅಳತೆ. ದೊಡ್ಡದೊಂದರ ಬದಲು ಚಿಕ್ಕವು ಎರಡು ಸಿಕ್ಕರೆ ಅವನ್ನೇ ತಗೊಳ್ಳಿ. ಗುಂಡಿ ತುಂಬಿದ ದೊಡ್ಡ ಡಬ್ಬಿ ನೋಡಿದರೆ ಅನಿಸುವುದಕ್ಕಿಂತ ಜಾಸ್ತಿ ಭಾರ. ಒಂದು ಕೈಯಲ್ಲಿ ಎತ್ತಿದರೆ ಡಬ್ಬಿಯ ನಡುಭಾಗ ಬಗ್ಗುತ್ತದೆ, ಬಗ್ಗಿದ ಕೂಡಲೇ ಮುಂದಿನ ಚಿಲಕ ತಾನಾಗೇ ಬಿಚ್ಚಿಕೊಳ್ಳುತ್ತದೆ.