ಒಂದೇ ಕಲ್ಲಿಗೆ ಎರಡು ಗಾಜು

ಮೊದಲೇ ಹೇಳಿಬಿಡುತ್ತೇನೆ. ಎಡಿಎಎಸ್, ಅಂದರೆ ಕ್ಯಾಮೆರಾದಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆ, ಇರುವ ಕಾರಿನ ಮುಂದಿನ ಗಾಜು ಒಡೆದರೆ ಇನ್ನು ಮುಂದೆ ನಾನು ಅಧಿಕೃತ ಸೇವಾ ಕೇಂದ್ರಕ್ಕೇ ಹೋಗುವವನು, ಅದರಲ್ಲೂ ನೆಲ ಮಟ್ಟಸವಾಗಿರುವ, ಗುರುತಿನ ಹಲಗೆ ನಿಲ್ಲಿಸಿ ಕ್ಯಾಮೆರಾ ಹೊಂದಿಸುವ ಕೇಂದ್ರಕ್ಕೆ. ಇದು ಸೇವಾ ಕೇಂದ್ರಗಳ ಮೇಲಿನ ಪ್ರೀತಿಯಿಂದ ಬಂದ ಮಾತಲ್ಲ. ಅಲ್ಲಿನ ಯಂತ್ರದ ಕಾಫಿ, ಕುಳಿತರೆ ಏಳಲಾಗದ ಸೋಫಾ, ‘ಸರ್, ಎಸಿ ಕ್ಲೀನಿಂಗ್ ಒಂದು ಸೇರಿಸಿಬಿಡಲೇ’ ಎಂಬ ರಾಗ, ಯಾವುದೂ ನನಗೆ ಆಗಿಬರುವುದಿಲ್ಲ. 13,300 ರೂಪಾಯಿಯನ್ನು ನೀರಿನಲ್ಲಿ ಹೋಮ ಮಾಡಿದ ಮೇಲೆ ಬಂದ ಬುದ್ಧಿ ಇದು.

ಅಕ್ಟೋಬರ್‌ನ ಒಂದು ಭಾನುವಾರ ಚನ್ನರಾಯಪಟ್ಟಣದಲ್ಲಿರುವ ಅಮ್ಮನ ಮನೆಯಿಂದ ಹಿಂದಿರುಗುತ್ತಿದ್ದೆವು. ನೆಲಮಂಗಲ ಇನ್ನೇನು ಬಂತು ಎನ್ನುವಾಗ ಟಾರ್ಪಾಲು ಹೊದಿಸದ ಜಲ್ಲಿ ಟಿಪ್ಪರ್‌ನಿಂದ ಒಂದು ಕಲ್ಲು ಹಾರಿಬಂತು. ಆಗ ಗಾಜಿನ ಮೇಲೆ ಆಗಿದ್ದು ಕಡಲೆಕಾಳಿನಷ್ಟು ಗಾಯ. ಮರುದಿನ ಬೆಳಗ್ಗೆ ಎಸಿ ಹಾಕಿ ಬಸವೇಶ್ವರನಗರ ದಾಟುವಷ್ಟರಲ್ಲಿ ಅದು ನಡುಗನ್ನಡಿಯ ಪಕ್ಕದಿಂದ ವೈಪರ್‌ವರೆಗೆ ಬಿರುಕಾಗಿ ಇಳಿದಿತ್ತು. ಲೇನ್ ಗೆರೆ ನೋಡುವ, ಮುಂದಿನ ವಾಹನ ಗುರುತಿಸುವ ಕ್ಯಾಮೆರಾ ಕುಳಿತಿರುವುದು ಆ ಕನ್ನಡಿಯ ಹಿಂದೆಯೇ, ಗಾಜಿಗೆ ಅಂಟಿಸಿದ ಬ್ರಾಕೆಟ್‌ನಲ್ಲಿ. ಗಾಜು ಬದಲಾದರೆ ಕ್ಯಾಮೆರಾದ ನೋಟವೂ ಬದಲಾಗುತ್ತದೆ. ಅದಕ್ಕೆ ‘ನೇರ ಎಂದರೆ ಇದು’ ಎಂದು ಮತ್ತೆ ಹೇಳಿಕೊಡಬೇಕು. ಕ್ಯಾಲಿಬ್ರೇಷನ್ ಎಂದರೆ ಅಷ್ಟೇ.

ನನ್ನ ಮುಂದೆ ಮೂರು ದಾರಿಗಳಿದ್ದವು. ಜೆ.ಸಿ. ರಸ್ತೆಯ ಕಡೆಯ ಗಾಜಿನ ಅಂಗಡಿ, ಮನೆ ಬಾಗಿಲಿಗೇ ಬಂದು ಗಾಜು ಹಾಕುವ ಸೇವೆ, ಮತ್ತು ಸೇವಾ ಕೇಂದ್ರ. ನಾನು ಅಂಗಡಿಯನ್ನು ಆರಿಸಿದ್ದು ಶುದ್ಧ ಜಿಪುಣತನದಿಂದ, ಆದರೆ ಅದಕ್ಕೊಂದು ಲೆಕ್ಕವೂ ಇತ್ತು. ವಿಮೆಯಲ್ಲಿ ಕ್ಲೇಮ್ ಮಾಡಿದರೆ ಈಗಿರುವ ಶೇಕಡಾ 35ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಮಾಡದಿದ್ದರೆ ಮುಂದಿನ ವರ್ಷ ಶೇಕಡಾ 45 ಸಿಗುತ್ತದೆ. ನನ್ನ ಪಾಲಿಸಿಗೆ ಅದರ ಬೆಲೆ ಸುಮಾರು 6,000 ರೂಪಾಯಿ. ಅಂಗಡಿಯವರು ಗಾಜಿಗೂ ಕೂಲಿಗೂ ಸೇರಿ 9,800 ಹೇಳಿದರು, ಕ್ಯಾಮೆರಾ ಹೊಂದಿಸುವ ಹುಡುಗನಿಗೆ ಬೇರೆ 3,500. ಸೇವಾ ಕೇಂದ್ರದ ಗಾಜಿಗೇ 23,600. ಯಾರಾದರೂ ಏನು ಮಾಡುತ್ತಿದ್ದರು?

ಗಾಜು ಹಾಕಿದ್ದರಲ್ಲಿ ಕಣ್ಣಿಗೆ ಕಾಣುವ ಕೊರತೆ ಇರಲಿಲ್ಲ. ಹಳೆಯ ಅಂಟನ್ನು ತಂತಿಯಿಂದ ಕುಯ್ದು, ಹೊಸ ಅಂಟನ್ನು ಒಂದೇ ಎಳೆಯಲ್ಲಿ ಹಾಕಿ, ಇಬ್ಬರು ಹಿಡಿದು ಕೂರಿಸಿದರು. ಒಣಗುವವರೆಗೆ ಗಾಡಿ ಅಲ್ಲಾಡಿಸಬೇಡಿ ಎಂದು ಅವರಾಗಿಯೇ ಹೇಳಿದರು. ನನ್ನ ತಕರಾರು ಶುರುವಾಗುವುದು ಅದರ ಮರುದಿನದಿಂದ.

ಹನ್ನೊಂದು ಗಂಟೆಗೆ ಸ್ಕ್ಯಾನರ್ ಹಿಡಿದು ಬಂದ ಹುಡುಗ ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ತಂತಿ ಚುಚ್ಚಿದ. ಇವನದು ರಸ್ತೆಯಲ್ಲಿ ಓಡಿಸಿ ಕಲಿಸುವ ವಿಧಾನ. ಯಂತ್ರದ ಪರದೆಯ ಮೇಲೆ ಷರತ್ತುಗಳು ಮೂಡಿದವು: ವೇಗ ಗಂಟೆಗೆ 60 ಕಿಲೋಮೀಟರ್‌ಗಿಂತ ಕಡಿಮೆಯಾಗಬಾರದು, ಎರಡೂ ಬದಿಯಲ್ಲಿ ಲೇನ್ ಗೆರೆ ಸ್ಪಷ್ಟವಾಗಿ ಕಾಣಬೇಕು, ಮುಂದಿನ ವಾಹನ ತೀರಾ ಹತ್ತಿರ ಇರಬಾರದು, ರಸ್ತೆ ಒಣಗಿರಬೇಕು. ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೆ, ಟೌನ್‌ಹಾಲ್ ಎದುರು ನಿಂತುಕೊಂಡು ಇದನ್ನು ಓದಿದರೆ ನಗು ಬರಬೇಕು. ಹುಡುಗನಿಗೆ ಬರಲಿಲ್ಲ. ‘ಸರ್, ಮೈಸೂರು ರಸ್ತೆಯ ಮೇಲ್ಸೇತುವೆ ಹತ್ತೋಣ’ ಎಂದ.

ಮೇಲ್ಸೇತುವೆಯ ಮೇಲೆ ನಮ್ಮ ವೇಗ 25. ಎಡಗಡೆಯ ಗೆರೆಯ ಮೇಲೆ ಒಂದು ಆಟೊ, ಬಲಗಡೆಯ ಗೆರೆಯ ಮೇಲೆ ಇನ್ನೊಂದು. ಗೆರೆ ಇರುವುದೇ ಅದರ ಮೇಲೆ ಚಕ್ರ ಉರುಳಿಸಲು ಎಂಬ ನಂಬಿಕೆ ನಮ್ಮೂರಿನಲ್ಲಿ ಮೊದಲಿನಿಂದಲೂ ಇದೆ. ಪರದೆಯಲ್ಲಿ ಕಲಿಕೆ ಶೇಕಡಾ 0. ಕೆಂಗೇರಿ ದಾಟಿ ನೈಸ್ ರಸ್ತೆ ಹತ್ತಿದ ಮೇಲೆ ಅಂಕಿ ಕದಲಿತು: 12, 19, 31. ಹುಡುಗ ನನ್ನ ಪಕ್ಕದಲ್ಲಿ ಕುಳಿತು ಹೆರಿಗೆ ಕೋಣೆಯ ಹೊರಗಿನ ಗಂಡನ ಹಾಗೆ ಪರದೆ ನೋಡುತ್ತಿದ್ದ. 64 ಆಯಿತು. ಅಷ್ಟರಲ್ಲಿ ಎದುರಿಗೆ ಕಟ್ಟಿಗೆ ತುಂಬಿದ ಲಾರಿ, ಅದನ್ನು ಹಿಂದಿಕ್ಕಲು ಬಲಕ್ಕೆ ಬಂದ ಇನ್ನೊಂದು ಲಾರಿ. ಎರಡೂ ಸಮಸಮ 40ರಲ್ಲಿ, ನಾವು ಅವುಗಳ ಹಿಂದೆ. ಲಾರಿಗಳು ದಾರಿ ಬಿಡುವ ಹೊತ್ತಿಗೆ ಮಳೆ ಹನಿಯಿತು. ಅಂಕಿ 64ರಲ್ಲೇ ನಿಂತಿತು. ಮಳೆ ಜೋರಾದಾಗ ಯಂತ್ರ ಒಮ್ಮೆ ಕೂಗಿ ಮತ್ತೆ ಸೊನ್ನೆಗೆ ಇಳಿಯಿತು.

ಒಟ್ಟು ನಾಲ್ಕು ಗಂಟೆ, ಎರಡು ಕಡೆ ಟೋಲ್, ಅರ್ಧ ದಿನದ ರಜೆ. ಸಿಕ್ಕಿದ್ದು ಸೊನ್ನೆ.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಹೆಬ್ಬಾಳದ ಆಚೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮತ್ತೆ ಪ್ರಯತ್ನಿಸಿದೆವು. ಸಾದಹಳ್ಳಿಯ ಟೋಲ್‌ಗೆ ಸ್ವಲ್ಪ ಮೊದಲು ಯಂತ್ರ 100 ತೋರಿಸಿ, ಹಸಿರು ಗುರುತು ಹಾಕಿ, ಸಂತೋಷದ ದನಿ ಹೊರಡಿಸಿತು. ಹುಡುಗ ಪರದೆಯ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್ ಮಾಡಿದ. ಅವನ ಪಾಲಿಗೆ ಕೆಲಸ ಮುಗಿದಿತ್ತು. ಅವನು ಮೋಸಗಾರನಲ್ಲ ಎಂದು ಈಗಲೂ ನಂಬುತ್ತೇನೆ. ಎರಡನೇ ದಿನದ ಓಡಾಟಕ್ಕೆ ಒಂದು ಪೈಸೆಯನ್ನೂ ಕೇಳಲಿಲ್ಲ.

ಎರಡು ವಾರದ ನಂತರ ಊರಿಗೆ ಹೊರಟಾಗ ಕುಣಿಗಲ್ ದಾಟಿದ ನೇರ ರಸ್ತೆಯಲ್ಲಿ ಕಾರನ್ನು ಗೆರೆಗಳ ನಡುವೆ ಉಳಿಸುವ ಲೇನ್ ಅಸಿಸ್ಟ್ ಹಾಕಿದೆ. ಮೊದಲು ಲೇನ್‌ನ ನಟ್ಟನಡುವೆ ಹೋಗುತ್ತಿದ್ದ ಕಾರು ಈಗ ಎಡಗೆರೆಗೆ ಒರಗಿಕೊಂಡು ಹೋಗತೊಡಗಿತು. ಬಲಕ್ಕೆ ತಂದರೆ ಸ್ಟಿಯರಿಂಗ್ ಮೆಲ್ಲಗೆ ಎಡಕ್ಕೆ ಎಳೆಯುತ್ತದೆ, ಹಠ ಹಿಡಿದ ಮಗು ಸೆರಗು ಎಳೆದ ಹಾಗೆ. ಎಡಭಾಗದಲ್ಲಿ, ರಸ್ತೆಯಂಚಿಗೆ, ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ ಒಂದು ಹೋಗುತ್ತಿತ್ತು. ಅದರ ಪಕ್ಕ ಹಾದಾಗ ಹೆಂಡತಿ ಏನೂ ಮಾತನಾಡಲಿಲ್ಲ, ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಳು. ನಾನು ಗುಂಡಿ ಒತ್ತಿ ಎಲ್ಲವನ್ನೂ ಆರಿಸಿದೆ.

ಪೀಣ್ಯದ ಟೂಲ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ ತಪಾಸಣೆಯ ಕೆಲಸ ಮಾಡಿದವನು ನಾನು. ಅಳತೆಗೆ ಮೊದಲು ಬೇಕಾದದ್ದು ಉಪಕರಣವಲ್ಲ, ಸರ್ಫೇಸ್ ಪ್ಲೇಟ್, ಅಂದರೆ ನಂಬಬಹುದಾದ ಒಂದು ಸಮತಲ ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವನು. ಅಂಥವನು ಕಾರಿನ ವಿಷಯದಲ್ಲಿ ಯಂತ್ರದ ಹಸಿರು ಗುರುತು ನೋಡಿ ದುಡ್ಡು ಕೊಟ್ಟು ಬಂದಿದ್ದೆ. ಒಂದು ಡಿಗ್ರಿ ಓರೆ ಎಂದರೆ 100 ಮೀಟರ್ ದೂರದಲ್ಲಿ 1.75 ಮೀಟರ್. ಹೆದ್ದಾರಿಯ ಲೇನ್‌ನ ಅಗಲವೇ 3.5 ಮೀಟರ್. ಅರ್ಧ ಲೇನ್ ಆಚೀಚೆ! ಇದನ್ನು ಲೆಕ್ಕ ಹಾಕಲು ನನಗೆ ಕುಣಿಗಲ್ ಬೇಕಾಯಿತು.

ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ ದರದ್ದಲ್ಲ, ಹಲಗೆ ನಿಲ್ಲಿಸುವ ಜಾಗದ್ದು. ಹತ್ತಿರದ ಶಾಖೆಯವರು ‘ಇಲ್ಲಿ ಆಗುವುದಿಲ್ಲ, ನಾವೇ ಬೇರೆ ಶಾಖೆಗೆ ಕಳಿಸುತ್ತೇವೆ’ ಎಂದರು. ಹಾಗಾದರೆ ಆ ಶಾಖೆಗೆ ನಾನೇ ಬರುತ್ತೇನೆ ಎಂದೆ. ಆರು ದಿನ ಕಾಯಬೇಕಾಯಿತು.

ತುಮಕೂರು ರಸ್ತೆಯ ಆ ಕೇಂದ್ರದ ಹಿಂಬದಿಯಲ್ಲಿ ಒಂದು ಉದ್ದನೆಯ ಶೆಡ್ಡು. ನೆಲಕ್ಕೆ ಬೂದು ಬಣ್ಣದ ಲೇಪ, ಒಂದು ಹನಿ ಎಣ್ಣೆಯಿಲ್ಲ. ನಾನು ಜೇಬಿನಿಂದ ಸಣ್ಣ ರಸಮಟ್ಟ ತೆಗೆದು ನೆಲದ ಮೇಲೆ ಎರಡು ಕಡೆ ಇಟ್ಟು ನೋಡಿದೆ. ಗುಳ್ಳೆ ನಡುವೆಯೇ ನಿಂತಿತು. ಟೆಕ್ನಿಷಿಯನ್ ನನ್ನನ್ನೇ ನೋಡುತ್ತಿದ್ದವನು, ‘ಸರ್, ನೀವೂ ಇದೇ ಲೈನಿನವರಾ’ ಎಂದು ನಕ್ಕ. ಅಲ್ಲಿಂದ ನಮಗಿಬ್ಬರಿಗೂ ಹೊಂದಿಕೊಂಡಿತು.

ಅವನು ಮೊದಲು ವ್ಹೀಲ್ ಅಲೈನ್‌ಮೆಂಟ್ ನೋಡಿದ. ನಾಲ್ಕೂ ಟೈರಿನ ಗಾಳಿ ಸರಿಮಾಡಿದ. ಆಮೇಲೆ ಡಿಕ್ಕಿ ತೆಗೆದು ಸುಮ್ಮನೆ ನಿಂತ. ಅಮ್ಮ ಕಟ್ಟಿಕೊಟ್ಟ ನಲವತ್ತು ತೆಂಗಿನಕಾಯಿ, ಅರ್ಧ ಮೂಟೆ ಅಕ್ಕಿ ಹಾಗೆಯೇ ಕುಳಿತಿದ್ದವು. ಹಿಂಬದಿ ಭಾರವಾದರೆ ಕಾರಿನ ಮೂತಿ ಎತ್ತುತ್ತದೆ, ಮೂತಿ ಎತ್ತಿದರೆ ಕ್ಯಾಮೆರಾ ಆಕಾಶ ನೋಡುತ್ತದೆ. ಡಿಕ್ಕಿ ತಪ್ಪಿಸಬೇಕಾದರೆ ಡಿಕ್ಕಿ ಖಾಲಿ ಇರಬೇಕು ಎಂದೆ. ಅವನು ನಗಲಿಲ್ಲ, ಕಾಯಿಗಳನ್ನು ಇಳಿಸುವುದರಲ್ಲಿದ್ದ. ಗೋಡೆಗೆ ಒರಗಿಸಿದ್ದ ಮೂಟೆ ಕ್ಯಾಮೆರಾದ ನೋಟಕ್ಕೆ ಬೀಳುತ್ತದೆಂದು ಅದನ್ನೂ ಹೊರಗೆ ಸಾಗಿಸಿದ.

ಕಾರಿನ ಮುಂದಿನ ಮತ್ತು ಹಿಂದಿನ ಲಾಂಛನದ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದ. ಎರಡೂ ಗುರುತುಗಳನ್ನು ಸೇರಿಸಿ ದಾರ ಎಳೆದ. ಆ ಗೆರೆಯ ನೇರಕ್ಕೆ, ಕೈಪಿಡಿಯಲ್ಲಿ ಹೇಳಿದ ದೂರಕ್ಕೆ, ಕಪ್ಪುಬಿಳಿ ಚೌಕಗಳ ಹಲಗೆ ನಿಲ್ಲಿಸಿದ. ಬೆಳಕಿನ ಪ್ರತಿಫಲನ ಬೀಳಬಾರದೆಂದು ಷಟರ್ ಇಳಿಸಿದ. ಟೇಪಿನಲ್ಲಿ ಅಳೆದು ಹಲಗೆಯನ್ನು ಎಡಕ್ಕೆ ಒಂದಿಷ್ಟು, ಮತ್ತೆ ಬಲಕ್ಕೆ ಕೂದಲೆಳೆಯಷ್ಟು ಸರಿಸಿದ. ಮನೆ ಕಟ್ಟುವ ಮೇಸ್ತ್ರಿ ಪಾಯದ ದಾರ ಕಟ್ಟುವಾಗ ಮಾಡುವ ಕೆಲಸವೇ ಇದು. ಸ್ಕ್ಯಾನರ್ ಬಂದದ್ದು ಎಲ್ಲ ಮುಗಿದ ಮೇಲೆ, ಐದು ನಿಮಿಷದ ಕೆಲಸಕ್ಕೆ.

ಯಂತ್ರ ಒಪ್ಪಲಿಲ್ಲ. ಮತ್ತೊಮ್ಮೆ ಮಾಡಿದ, ಆಗಲೂ ಕೋನ ಮಿತಿ ಮೀರಿದೆ ಎಂಬ ಸಂದೇಶ. ಕ್ಯಾಮೆರಾ ಬಿಚ್ಚಿ, ಗಾಜಿಗೆ ಅಂಟಿದ ಬ್ರಾಕೆಟ್ ತೋರಿಸಿದ. ನನ್ನ ಚೀಲದಲ್ಲಿ ಸದಾ ಇರುವ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ತೂರಿಸಿ ನೋಡಿದೆ. 60 ಮಿಲಿಮೀಟರ್ ಅಗಲದ ಬ್ರಾಕೆಟ್ ಒಂದು ತುದಿಯಲ್ಲಿ 0.4 ಮಿಲಿಮೀಟರ್ ಎದ್ದಿತ್ತು. ಅರ್ಧ ಡಿಗ್ರಿಗೂ ಕಡಿಮೆ, ನಿಜ. 100 ಮೀಟರ್ ಮುಂದೆ ಅದು 67 ಸೆಂಟಿಮೀಟರ್. ನನ್ನ ಮಾದರಿಗೆ ಕಂಪನಿ ಹೇಳಿರುವುದು ಹಲಗೆಯ ವಿಧಾನ, ರಸ್ತೆಯ ಓಟ ಅದರ ನಂತರದ ಹಂತ ಮಾತ್ರ. ಹುಡುಗ ಮೊದಲ ಮೆಟ್ಟಿಲು ಬಿಟ್ಟು ಎರಡನೆಯದಕ್ಕೆ ಹಾರಿದ್ದ. ರಸ್ತೆ ಈ ಓರೆಯನ್ನು ಹೇಗೋ ನುಂಗಿಕೊಂಡಿತ್ತು, ಹಲಗೆ ನುಂಗಲಿಲ್ಲ. ಕೆಲವು ಕಾರುಗಳಿಗೆ ರಸ್ತೆಯ ಓಟವೊಂದೇ ಸಾಕು, ಕೆಲವಕ್ಕೆ ಎರಡೂ ಬೇಕು. ನಿಮ್ಮದು ಯಾವುದು ಎಂದು ತಿಳಿದುಕೊಳ್ಳದೆ ಗಾಜಿಗೆ ಮುಂಗಡ ಕೊಡಬೇಡಿ.

ಬ್ರಾಕೆಟ್ ಗಾಜಿಗೇ ಅಂಟಿದ್ದರಿಂದ ಮತ್ತೆ ಹೊಸ ಗಾಜು: 23,600, ಕ್ಯಾಲಿಬ್ರೇಷನ್‌ಗೆ 4,720. ಈ ಸಲ ವಿಮೆಯ ಬಾಗಿಲೂ ಮುಚ್ಚಿತ್ತು, ಏಕೆಂದರೆ ಒಡೆಯದ ಗಾಜಿಗೆ ಯಾವ ಸರ್ವೇಯರ್ ಸಹಿ ಹಾಕುತ್ತಾನೆ? ಮೊದಲ ದಿನವೇ ಕ್ಲೇಮ್ ಮಾಡಿದ್ದರೆ ಗಾಜಿಗೆ ಸವಕಳಿಯನ್ನೂ ಕಳೆಯುತ್ತಿರಲಿಲ್ಲ. 1500 ಸಿಸಿ ಒಳಗಿನ ನನ್ನ ಕಾರಿಗೆ ನಾನೇ ಭರಿಸಬೇಕಾದ ಕಡ್ಡಾಯ ಕಡಿತ 1,000 ರೂಪಾಯಿ, ಅದರ ಮೇಲೆ ಅಂಟು, ರಬ್ಬರ್ ಎಂದು ಚಿಲ್ಲರೆ ಖರ್ಚು. 6,000 ಉಳಿಸಲು ಹೋಗಿ ಒಟ್ಟು 41,620 ಕೊಟ್ಟೆ. ಈ ಅಂಕಿಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಮನೆ ಬಾಗಿಲಿನ ಸೇವೆಯನ್ನು ನೋಡಿದ್ದು ಯಲಹಂಕದಲ್ಲಿರುವ ಭಾವಮೈದುನನ ಕಾರಿನಲ್ಲಿ. ಗಾಜು ಒಳ್ಳೆಯದು, ಕೆಲಸ ಜೆ.ಸಿ. ರಸ್ತೆಗಿಂತಲೂ ಅಚ್ಚುಕಟ್ಟು, ವಿಮೆಯ ಕಾಗದವನ್ನೂ ಅವರೇ ನೋಡಿಕೊಂಡರು. ಆದರೆ ಕೆಲಸ ನಡೆದದ್ದು ಮೋರಿಯ ಕಡೆಗೆ ಇಳಿಜಾರಾಗಿರುವ ನೆಲಮಾಳಿಗೆಯಲ್ಲಿ. ಕ್ಯಾಮೆರಾದ ಬಗ್ಗೆ ಕೇಳಿದರೆ ‘ಮೂವತ್ತು ಕಿಲೋಮೀಟರ್ ಓಡಿಸಿ, ತಾನಾಗಿಯೇ ಸರಿಹೋಗುತ್ತದೆ’ ಎಂದರು. ಮೂರು ವಾರವಾದರೂ ಡ್ಯಾಶ್‌ಬೋರ್ಡ್‌ನ ಹಳದಿ ದೀಪ ಆರಿರಲಿಲ್ಲ. ಕೊನೆಗೆ ಅವನು ದೀಪದ ಮೇಲೆ ಕರಿ ಟೇಪಿನ ತುಂಡು ಅಂಟಿಸಿದ.

ಮೂರೂ ಕಡೆ ಯಾರೂ ಮುಂಚಿತವಾಗಿ ಹೇಳದ ಒಂದು ಕಿರಿಕಿರಿ ಫಾಸ್ಟ್ಯಾಗ್. ಹಳೆಯ ಗಾಜಿನಿಂದ ಕಿತ್ತರೆ ಅದು ಹರಿಯುತ್ತದೆ, ಹರಿಯಲೆಂದೇ ಮಾಡಿದ್ದು. ಹಳೆಯದನ್ನು ಕೊಟ್ಟ ಬ್ಯಾಂಕಿನಿಂದ ಬದಲಿಯನ್ನು ತರಿಸಬೇಕು. ಅದು ಬರುವವರೆಗೆ ಟೋಲ್‌ನಲ್ಲಿ ಯುಪಿಐ ಮೂಲಕ ಕೊಟ್ಟರೆ 2025ರ ನವೆಂಬರ್ 15ರಿಂದ ಒಂದೂಕಾಲು ಪಟ್ಟು. ಎರಡು ಗಾಜಿಗೆ ನಾನು ಎರಡು ಸಲ ತರಿಸಿದೆ. ಅಂಟಿಸುವಾಗ ಕ್ಯಾಮೆರಾದ ಕಣ್ಣಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಆಯುಧಪೂಜೆಯ ಕುಂಕುಮಕ್ಕೂ ಇದೇ ಮಾತು, ಅತ್ತೆಯವರಿಗೆ ಬಾನೆಟ್ ತೋರಿಸಿದ್ದೇನೆ.

ಹದಿನೈದು ದಿನಕ್ಕೊಮ್ಮೆ ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಹೋಗುವ, ಲೇನ್ ಅಸಿಸ್ಟ್ ಮೇಲೆ ಸ್ವಲ್ಪ ಭಾರ ಹಾಕಿ ಕೂರುವ ನನ್ನಂಥವನಿಗೆ ಹಲಗೆ ಇರುವ ಶೆಡ್ಡೇ ಸರಿ, ಆರು ದಿನ ಕಾದರೂ ಸರಿ. ನನ್ನ ಹೆಂಡತಿ ಬಸವೇಶ್ವರನಗರದಿಂದ ಮಲ್ಲೇಶ್ವರಕ್ಕೆ ಹೋಗಿಬರುವಾಗ ಎಡಿಎಎಸ್ ಪೂರ್ತಿ ಆರಿಸಿಯೇ ಓಡಿಸುತ್ತಾಳೆ. ಅವಳೊಬ್ಬಳದೇ ಕಾರಾಗಿದ್ದರೆ ಮನೆ ಬಾಗಿಲಿನವರನ್ನು ಕರೆದು ವಿಮೆಯಲ್ಲಿ ಮುಗಿಸುತ್ತಿದ್ದೆ, ಕ್ಯಾಮೆರಾವನ್ನು ಆಮೇಲೆ ಶೆಡ್ಡಿಗೆ ಒಯ್ಯುತ್ತಿದ್ದೆ. ಒಳ್ಳೆಯ ಬ್ರಾಕೆಟ್ ಇರುವ ಗಾಜಾದರೆ ಸೇವಾ ಕೇಂದ್ರದವರು ಕ್ಯಾಲಿಬ್ರೇಷನ್ ಒಂದನ್ನೇ ಮಾಡಿಕೊಡುತ್ತಾರೆ, ಕೇಳಿದ್ದೇನೆ. ಅಂಗಡಿಯ ಗಾಜು ಎಡಿಎಎಸ್ ಇಲ್ಲದ ಕಾರಿಗೆ ಸಾಕು.

ಮೊನ್ನೆ ಭಾವಮೈದುನ ಫೋನ್ ಮಾಡಿ, ‘ಭಾವ, ನಿಮ್ಮ ಆ ಶೆಡ್ಡಿನಲ್ಲಿ ನನ್ನದಕ್ಕೂ ಒಂದು ದಿನ ಹಿಡಿಸಿ’ ಎಂದ. ಬರುವ ಮಂಗಳವಾರ ಹತ್ತು ಗಂಟೆಗೆ ಗೊತ್ತಾಗಿದೆ. ಭಾನುವಾರ ಅವನೂ ಊರಿಗೆ ಹೋಗುತ್ತಿದ್ದಾನೆ. ತೆಂಗಿನಕಾಯಿಯನ್ನು ಸೋಮವಾರವೇ ಇಳಿಸಿಕೋ ಎಂದಿದ್ದೇನೆ.