ತೊಟ್ಟಿಯಲ್ಲಿ ತೋರಿಸಿದ ಮೀನು ತಟ್ಟೆಗೆ ಬರಲಿಲ್ಲ: ನ್ಯಾ ಚಾಂಗ್‌ಗೆ ಹೋಗುವವರು ಓದಿ

ವಿಯೆಟ್ನಾಂನ ನ್ಯಾ ಚಾಂಗ್‌ಗೆ ಹೋಗುವವರು, ಅದರಲ್ಲೂ ಮೀನು ತಿನ್ನುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಲ್ಲಿನ ಒಂದು ಹೋಟೆಲಿನವರು ತೊಟ್ಟಿಯಲ್ಲಿ ಈಜುತ್ತಿದ್ದ ಮೀನನ್ನು ತೋರಿಸಿ, ನಮ್ಮೆದುರೇ ತೂಗಿ, ಒಳಗೆ ಬೇರೊಂದು ಮೀನನ್ನು ಬೇಯಿಸಿ ತಂದಿಟ್ಟರು. ಹಣವನ್ನು ಕಿತ್ತುಕೊಂಡದ್ದು ನಾವು ಕಣ್ಣಿಂದ ನೋಡಿಯೇ ಇಲ್ಲದ ತೂಕಕ್ಕೆ. ಊರಿಗೆ ಮರಳಿದ ಮೇಲೂ ಸಿಟ್ಟು ಇಳಿದಿಲ್ಲ.

ನನ್ನ ಅಪ್ಪ ಜೀವನವಿಡೀ ಮಲ್ಪೆ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡಿದವರು. ಕಿವಿರು ಎತ್ತಿ ನೋಡಿದರೆ ಮೀನು ಎಷ್ಟು ಹಳತು ಎಂದು ಹೇಳಬಲ್ಲವರು. ಅಂಥವರನ್ನು ಕೂರಿಸಿ ಈ ಕೆಲಸ ಮಾಡಿದರು. ನನಗೆ ಹಣಕ್ಕಿಂತ ಅದೇ ಹೆಚ್ಚು ಉರಿಯುತ್ತಿದೆ.

ಪೊ ನಗರ್ ಎಂಬ ಹಳೆಯ ಚಾಮ್ ದೇಗುಲದ ಗೋಪುರಗಳನ್ನು ನೋಡಿ ಕೆಳಗಿಳಿದಾಗ ಎಲ್ಲರಿಗೂ ಹಸಿವಾಗಿತ್ತು. ಕಡಲ ದಡದ ಟ್ರಾನ್ ಫು ರಸ್ತೆಯ ದೊಡ್ಡ ಹೋಟೆಲುಗಳಲ್ಲಿ ಪ್ರವಾಸಿಗರನ್ನು ಸುಲಿಯುತ್ತಾರೆ ಎಂದು ಕೇಳಿದ್ದೆವು. ಆದ್ದರಿಂದ ಬೇಕೆಂದೇ ಒಳರಸ್ತೆಯಲ್ಲಿ ಮನೆಯವರೇ ನಡೆಸುವ ಒಂದು ಸಣ್ಣ ಹೋಟೆಲನ್ನು ಆರಿಸಿಕೊಂಡೆವು. ಬಾಗಿಲ ಬಳಿ ನೆಲದ ಮೇಲೆ ಅವರ ದೇವರ ಗೂಡು, ಊದುಬತ್ತಿ, ಹಣ್ಣು. ಗಲ್ಲಾದಲ್ಲಿ ಅಜ್ಜಿ, ತೊಟ್ಟಿಗಳ ಬಳಿ ಮಗ, ಊಟ ತಂದಿಡಲು ಸೊಸೆ. ಮೂಲೆಯ ಮೇಜಿನಲ್ಲಿ ಶಾಲೆಯ ಹುಡುಗ ಪಾಠ ಬರೆಯುತ್ತಿದ್ದ. ಇಂಥ ಮನೆಯಲ್ಲಿ ಯಾರು ತಾನೇ ಮೋಸ ಎಣಿಸುತ್ತಾರೆ? ಅಜ್ಜಿ ನನ್ನ ಮಗನ ಗಲ್ಲ ಸವರಿ ಕೈಗೊಂದು ಬಾಳೆಹಣ್ಣನ್ನೂ ಕೊಟ್ಟರು. ಆ ಬಾಳೆಹಣ್ಣು ನೆನಪಾದರೆ ಈಗ ಮೈ ಉರಿಯುತ್ತದೆ.

ಅಲ್ಲಿನ ಪದ್ಧತಿ ಹೋದವರಿಗೆಲ್ಲ ಗೊತ್ತು. ಜೀವಂತ ಮೀನನ್ನು ನಾವೇ ಆರಿಸಬೇಕು, ತೂಗುತ್ತಾರೆ, ಕಿಲೋ ಲೆಕ್ಕದಲ್ಲಿ ದರ, ಹೇಗೆ ಬೇಯಿಸಬೇಕು ಎಂದು ಹೇಳಬೇಕು. ಮೇಜಿನ ಮೇಲಿನ ಕಡಲೆಕಾಯಿಗೂ ಪೊಟ್ಟಣದ ಒದ್ದೆ ಕರವಸ್ತ್ರಕ್ಕೂ ಬೇರೆ ಹಣ ಹಾಕುತ್ತಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮಲ್ಲಿ ಮುರು ಎನ್ನುವ ಜಾತಿಯ ಮೀನೊಂದನ್ನು ಅಪ್ಪ ತೋರಿಸಿದರು. ಹಲಗೆಯ ಮೇಲೆ ಕಿಲೋಗೆ 6,50,000 ಡಾಂಗ್ ಎಂದು ಬರೆದಿತ್ತು. ತೂಗಲು ಮೀನು ಹಾಕಿದ ಚೀಲದ ನೀರನ್ನು ಪೂರ್ತಿ ಸುರಿಸುವವರೆಗೂ ಅಪ್ಪ ಬಿಡಲಿಲ್ಲ. ತಕ್ಕಡಿಯಲ್ಲಿ 1.2 ಕಿಲೋ ಬಂತು. ಅಜ್ಜಿಯ ಮಗ ತನ್ನ ಮೊಬೈಲಿನಲ್ಲಿ 7,80,000 ಎಂದು ಒತ್ತಿ ತೋರಿಸಿದ. ಸುಮಾರು 300 ಡಾಂಗ್‌ಗೆ ಒಂದು ರೂಪಾಯಿ, ಅಂದರೆ 2,600 ರೂಪಾಯಿ. ಸರಿ ಎಂದೆವು. ಆ ಮೀನಿನ ಬಾಲದ ರೆಕ್ಕೆ ಒಂದು ಕಡೆ ಹರಿದಿತ್ತು. ನನ್ನ ಮಗ ಅದನ್ನು ಕಂಡು ಪಾಪ ಎಂದ. ಅವನು ಹೇಳಿದನೆಂದೇ ಫೋಟೊ ತೆಗೆದಿದ್ದೆ.

ಮೊದಲು ಬಂದ ಚಿಪ್ಪುಮೀನು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮಜ್ಜಿಗೆಹುಲ್ಲು ಹಾಕಿ ಹಬೆಯಲ್ಲಿ ಬೇಯಿಸಿದ್ದರು, ಜೊತೆಗೆ ಹಸಿಮೆಣಸು ಮತ್ತು ಉಪ್ಪಿನ ಹಸಿರು ಚಟ್ನಿ. ಆಮೇಲೆ ಶುಂಠಿ, ಈರುಳ್ಳಿ ಸೊಪ್ಪು ಹೊದಿಸಿದ ಮೀನು ಬಂತು. ಅಪ್ಪ ಒಂದು ತುತ್ತು ಬಾಯಿಗಿಟ್ಟು ಸುಮ್ಮನಾದರು. ಈಗಷ್ಟೇ ಕೊಂದ ಮೀನಾದರೆ ಮಾಂಸ ಬಿಗಿಯಾಗಿ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಇದು ಬೆರಳು ತಾಗಿದರೆ ಹಿಟ್ಟಾಗುತ್ತಿತ್ತು. ಅಪ್ಪ ಸೊಪ್ಪನ್ನು ಬದಿಗೆ ಸರಿಸಿ ಬಾಲವನ್ನು ಎತ್ತಿ ನನ್ನ ಕಡೆ ತಿರುಗಿಸಿದರು. ಬಾಲ ಇಡಿಯಾಗಿತ್ತು. ಎಲ್ಲೂ ಹರಿದಿರಲಿಲ್ಲ. ಮೊಬೈಲಿನ ಫೋಟೊವನ್ನೂ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೇರೆಯೇ ಮೀನು! ಆ ಕ್ಷಣದಲ್ಲಿ ಮುಖಕ್ಕೆ ರಕ್ತ ನುಗ್ಗಿತು. ಅಷ್ಟು ಹೊತ್ತೂ ಆ ಸೊಸೆ ಪಕ್ಕದಲ್ಲೇ ನಿಂತು, ರುಚಿಯಾಗಿದೆಯೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು.

ಫೋಟೊ ತೋರಿಸಿದೆ. "ಸೇಮ್, ಸೇಮ್" ಎಂದಳು. ಬಾಲವನ್ನು ತೋರಿಸಿದೆ. ಗಂಡನನ್ನು ಕರೆದಳು. ಅವನು ಮೊಬೈಲಿನ ಅನುವಾದದಲ್ಲಿ ಬರೆದು ತೋರಿಸಿದ್ದು: "ಬೇಯಿಸಿದಾಗ ಮೀನಿನ ಆಕಾರ ಬದಲಾಗುತ್ತದೆ." ಹರಿದ ರೆಕ್ಕೆ ಕೂಡಿಕೊಳ್ಳುವುದಿಲ್ಲವಲ್ಲ ಎಂದು ಬರೆದೆ. ಅದಕ್ಕೆ ಬಂದ ಉತ್ತರ: "ಆ ಮೀನು ಚಿಕ್ಕದು. ನೀವು ನಾಲ್ಕು ಜನ. ನಿಮಗಾಗಿ ದೊಡ್ಡ ಮೀನು ಹಾಕಿದೆವು." ಒಂದು ನಿಮಿಷದ ಹಿಂದೆ ಅದೇ ಮೀನು ಎಂದವರು ಇವರೇ. ನಾವು ಕೇಳಿದ್ದೆವೆಯೇ ದೊಡ್ಡದು ಬೇಕು ಎಂದು?

ಬಿಲ್ಲು ಬಂದಾಗ ಮೀನಿನ ತೂಕ 1.8 ಕಿಲೋ ಎಂದಿತ್ತು, ಹಣ 11,70,000 ಡಾಂಗ್. ನಮ್ಮೆದುರು ಯಾವ ತಕ್ಕಡಿಯಲ್ಲೂ 1.8 ತೂಗಿರಲಿಲ್ಲ. ಎಲ್ಲಿ ತೂಗಿದಿರಿ ಎಂದರೆ ಒಳಗೆ ಎಂದು ಅಡುಗೆಮನೆಯತ್ತ ಕೈ ತೋರಿಸಿದ. ತಟ್ಟೆಯಲ್ಲಿರುವುದನ್ನೇ ತೂಗಿ ಎಂದೆ. "ತಿಂದ ಮೀನನ್ನು ತೂಗುವುದಿಲ್ಲ" ಎಂದ. ನಾವು ತಿಂದದ್ದು ನಾಲ್ಕು ತುತ್ತು! ಹೋಟೆಲಿನ ಹೆಸರಿರುವ ಮುದ್ರಿತ ಬಿಲ್ಲು ಕೊಡಿ ಎಂದರೆ ಯಂತ್ರ ಕೆಟ್ಟಿದೆ ಎಂಬ ಉತ್ತರ. ಕೈಬರಹದ ಚೀಟಿಯ ಫೋಟೊ ತೆಗೆಯಲು ಹೋದಾಗ ಬಾಳೆಹಣ್ಣು ಕೊಟ್ಟ ಅದೇ ಅಜ್ಜಿ ಎದ್ದು ಬಂದು ಚೀಟಿಯನ್ನು ಕಸಿದುಕೊಂಡು ಜೋರಾಗಿ ಕೂಗಾಡತೊಡಗಿದರು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ತಿಂದು ಹಣ ಕೊಡದೆ ಓಡುವವರಂತೆ ನಮ್ಮನ್ನು ನೋಡಿದರು. ನನ್ನ ಮಗ ಅಳಲು ಶುರುಮಾಡಿದ. "ಕೊಟ್ಟುಬಿಡು ಮಗಳೇ, ಎದ್ದು ಹೋಗೋಣ" ಎಂದರು ಅಪ್ಪ. ನನ್ನ ಗಂಡ ಪೂರ್ತಿ ಹಣ ಎಣಿಸಿ ಕೊಟ್ಟರು. ದಾರಿಯುದ್ದಕ್ಕೂ ಅಪ್ಪ ಮಾತೇ ಆಡಲಿಲ್ಲ.

ನಾವು ಉಳಿದುಕೊಂಡಿದ್ದ ಕಡೆ ಕೆಲಸ ಮಾಡುವ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಆ ದೇಶದಲ್ಲಿ ದರಪಟ್ಟಿ ಹಾಕುವುದು ಕಡ್ಡಾಯ, ಹಾಕಿದ ದರಕ್ಕಿಂತ ಹೆಚ್ಚು ಪಡೆದರೆ ದಂಡ ಎಂದು ಅವಳೇ ತಿಳಿಸಿದಳು. 2019ರ ಅವರ ಹೊಸವರ್ಷದ ಹೊತ್ತಿನಲ್ಲಿ ಇದೇ ಊರಿನ ಒಂದು ಹೋಟೆಲ್ ಪ್ರವಾಸಿಗರಿಗೆ ಟೊಮೆಟೊ ಹಾಕಿದ ಮೊಟ್ಟೆಯ ಒಂದು ತಟ್ಟೆಗೆ 5,00,000 ಡಾಂಗ್ ಹಾಕಿ ದಂಡ ತೆತ್ತ ಸುದ್ದಿ ದೊಡ್ಡದಾಗಿತ್ತು. ಆದರೆ ನಮ್ಮ ಕೈಯಲ್ಲಿ ಚೀಟಿಯೇ ಇಲ್ಲ, ದೂರಿಗೆ ಏನನ್ನು ಲಗತ್ತಿಸುವುದು? ಅದಕ್ಕೇ ಆ ಅಜ್ಜಿ ಕಸಿದುಕೊಂಡದ್ದು. ಅವರಿಗೆ ಎಲ್ಲವೂ ಗೊತ್ತಿದೆ.

ಹೋಗುವವರು ಇಷ್ಟು ಮಾಡಿ. ತೂಕವನ್ನೂ ಒಟ್ಟು ಹಣವನ್ನೂ ಕಾಗದದ ಮೇಲೆ ಬರೆಸಿ, ಆ ಕಾಗದ ನಿಮ್ಮ ಕೈಯಲ್ಲಿರಲಿ. ತಕ್ಕಡಿಯ ಮುಳ್ಳು ಕಾಣುವಂತೆ ಫೋಟೊ ತೆಗೆಯಿರಿ. ಮೀನನ್ನು ನಿಮ್ಮೆದುರೇ ಕೊಲ್ಲಲು ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ದರ ಬರೆಯದೆ ಆ ದಿನದ ದರ ಎಂದಷ್ಟೇ ಹಾಕಿರುವ ಕಡೆ ಕೂರಲೇಬೇಡಿ. ಮನೆಯವರೇ ನಡೆಸುತ್ತಾರೆ, ಮಕ್ಕಳನ್ನು ಮುದ್ದಿಸುತ್ತಾರೆ ಎಂದು ಇದರಲ್ಲಿ ಯಾವುದನ್ನೂ ಬಿಡಬೇಡಿ. ಮೀನಿನ ಎರಡೂ ಫೋಟೊಗಳು ನನ್ನ ಬಳಿ ಇವೆ. ಆ ಕಡೆ ಹೋಗುವವರು ಯಾರೇ ಕೇಳಿದರೂ ಕಳುಹಿಸುತ್ತೇನೆ, ರಸ್ತೆಯನ್ನೂ ಹೇಳುತ್ತೇನೆ.